ರಸ್ತೆ ಕಡೆ ಕಿಟಕಿಯಿಲ್ಲದ ಕ್ಯಾಬಿನ್ನು

ದೋಸ್ತ ಈರಣ್ಣ,

ನಿನ್ನ ಕ್ಯಾಬಿನ್ನಿಗೆ ರಸ್ತೆ ಕಡೆ ಕಿಟಕಿಯೇ ಇಲ್ಲ! ಕ್ಷೇಮ ಕೇಳಿದರೆ ಉತ್ತರ ಕೊಡುವ ಸ್ಥಿತಿಯಲ್ಲಿ ನೀನಿಲ್ಲ, ಹಾಗಾಗಿ ನೇರ ವಿಷಯಕ್ಕೇ ಬಂದಿದ್ದೇನೆ. ನೀನು ತೀರಿಹೋದ ಮೂರನೇ ತಿಂಗಳು ನಿನ್ನ ಹೆಂಡತಿ ಪಾರವ್ವ ಮಸ್ಕಿಗೆ ಬಂದಳು. "ಅಣ್ಣಾ, ಟಾಕೀಸಿನ್ಯಾಗ ಅವರ ಚಷ್ಮಾ, ಬುತ್ತಿ ಡಬ್ಬಿ ಉಳದಾವು. ನನಗ ಆ ಮೆಟ್ಟಲ ಹತ್ತಾಕ ಮನಸಾಗವಲ್ದು, ನೀನ ತಂದುಕೊಡು" ಅಂದಳು. ಸಿಂಧನೂರಿಗೆ ಹೋದೆ. ಇಪ್ಪತ್ತು ವರ್ಷದ ಗೆಳೆತನದಲ್ಲಿ ಆ ಕಬ್ಬಿಣದ ಮೆಟ್ಟಿಲು ನಾನು ಹತ್ತಿದ್ದು ಅದೇ ಮೊದಲು. ಆಪರೇಟರ್ ಆದ ನಿನ್ನನ್ನು ಬಿಟ್ಟರೆ ಯಾರೂ ಮೇಲೆ ಬರಬಾರದೆಂದು ಮಾಲಕರ ಕಾನೂನು ಇತ್ತಲ್ಲ, ನೀನೂ ಅದನ್ನು ನನ್ನ ವಿಷಯದಲ್ಲಿ ಬಹಳ ಶ್ರದ್ಧೆಯಿಂದ ಪಾಲಿಸಿದ್ದೆ. ಯಾಕೆ ಪಾಲಿಸಿದೆ ಎನ್ನುವುದು ಮೇಲೆ ಹೋದಾಗ ತಿಳಿಯಿತು. ಸಿನಿಮಾ ಬಿಡುವ ಎರಡು ಮಶೀನು. ಪರದೆ ಕಡೆಗೆ ಅಂಗೈ ಅಗಲದ ನಾಲ್ಕು ಕಿಂಡಿ. ಮಶೀನಿನ ಬೆಳಕಿಗೆ ಉರಿಯುವ ಕಾರ್ಬನ್ ಕಡ್ಡಿಯ ಹೊಗೆ ಹೋಗಲು ಒಂದು ಕೊಳವೆ. ಹಿಂದಿನದು ಬರೀ ಗೋಡೆ, ಅದರಾಚೆ ಅಕ್ಕಿ ಗಿರಣಿಯ ಗೋದಾಮು. ಮುಚ್ಚಿದ ಕಿಟಕಿಯ ಗುರುತಾದರೂ ಇದ್ದೀತೆಂದು ಗೋಡೆಗೆ ಕೈ ಆಡಿಸಿ ನೋಡಿದೆ. ಸುಣ್ಣ ಕೈಗೆ ಹತ್ತಿತು, ಅಷ್ಟೇ. ಹಾಗಾದರೆ ಐದು ವರ್ಷ, ಪ್ರತಿ ಗುರುವಾರ, ನನ್ನ ಮಗಳು ಯಾವ ಬಸ್ಸಿನಿಂದ ಇಳಿದಳು, ಯಾವ ಬಸ್ಸು ಹತ್ತಿದಳು ಎಂದು ನೀನು ನನಗೆ ಹೇಳಿದ್ದೆಲ್ಲ...

ಮೊದಲ ಸಲ ನೀನು ನನ್ನ ಕೈಗೆ ಸಿನಿಮಾದ ಹಾಡಿನ ಪುಸ್ತಕ ಕೊಟ್ಟ ದಿನ ನೆನಪಿದೆಯೇ? ನಾನಾಗ ಸಿಂಧನೂರು ಬಸ್ ಸ್ಟ್ಯಾಂಡಿನಲ್ಲಿ ಶೇಂಗಾ ಮಾರುವವನು. ನನ್ನ ಕೂಗು ಟಾಕೀಸಿನ ಒಳಗೆ ಹೀರೋನ ಮಾತಿಗೆ ಅಡ್ಡ ಬರುತ್ತದೆಂದು ಮಾಲಕರು ಬೈಯಲು ಕರೆಸಿ, ಬೈಯುವ ಬದಲು ಟಾಂಗಾದಲ್ಲಿ ಕೂಡಿಸಿ ಸಿನಿಮಾ ಕೂಗಲು ಕೈಗೆ ಮೈಕು ಕೊಟ್ಟರು. ನೀನು ಗೇಟಿನ ಹತ್ತಿರ ಬೀಡಿ ಸೇದುತ್ತ ನಿಂತಿದ್ದೆ. "ಓದಾಕ ಬರ್ತದೇನಲೇ?" ಅಂದೆ. "ಕೂಡಿಸಿ ಕೂಡಿಸಿ ಓದ್ತೀನಿ" ಅಂದೆ ನಾನು. "ಕೂಡಿಸಬ್ಯಾಡ, ಕೂಗು. ಕೂಗೋದ್ರಾಗ ಯಾರೂ ತಪ್ಪ ಹಿಡಿಯಂಗಿಲ್ಲ" ಅಂದಿದ್ದೆ. ಆ ಮಾತಿನ ಮೇಲೆಯೇ ನಾನು ಬದುಕಿದೆ. ಟಾಂಗಾ ಹೋಗಿ ಆಟೋ ಬಂತು, ಬಾಡಿಗೆ ಮೈಕು ಹೋಗಿ ಮಸ್ಕಿಯಲ್ಲಿ ನನ್ನದೇ ಮೈಕ್ ಸೆಟ್ಟಿನ ಅಂಗಡಿಯಾಯಿತು. ಈ ಸೀಮೆಯಲ್ಲಿ ಮೊದಲು ಮೈಕು ಬಾರದೆ ದುರಗಪ್ಪ ಎಂಬ ಹೆಸರು ಬರುವುದಿಲ್ಲ.

ಆ ದಿನಗಳ ನಮ್ಮ ಕಸುಬಿನ ಗುಟ್ಟು ನಿನಗೂ ನನಗೂ ಮಾತ್ರ ಗೊತ್ತಿತ್ತು. ಸಿನಿಮಾ ಕೂಗುವವನು ಸಿನಿಮಾ ನೋಡಿರುವುದಿಲ್ಲ. ಶುಕ್ರವಾರ ಹೊಸ ಚಿತ್ರ. ಅದರ ಹಿಂದಿನ ದಿನ ಪೋಸ್ಟರು, ಹಾಡಿನ ಪುಸ್ತಕ ನನ್ನ ಕೈಗೆ ಬರುತ್ತಿದ್ದವು. ಪುಸ್ತಕದಲ್ಲಿ ಕಥಾಸಾರಾಂಶ ಅರ್ಧ ಮಾತ್ರ ಇರುತ್ತಿತ್ತು, ಉಳಿದರ್ಧ ನಾನೇ ಹೆಣೆಯುತ್ತಿದ್ದೆ. ಹಟ್ಟಿಯಲ್ಲಿ ಗಣಿಯ ಪಾಳಿ ಬಿಡುವ ಹೊತ್ತಿಗೆ ಅದು ಹೊಡೆದಾಟದ ಚಿತ್ರ, ಸಂತೆಕಲ್ಲೂರಿಗೆ ಬಂದರೆ ಭಕ್ತಿಯ ಚಿತ್ರ, ಮಸ್ಕಿಯ ಓಣಿಗಳಲ್ಲಿ ಹೆಂಗಸರು ಸೆರಗು ತೊಯ್ಸಿಕೊಳ್ಳುವ ಚಿತ್ರ. ಮೂರೂ ಒಂದೇ ಸಿನಿಮಾ. ಯಾರೂ ಬಂದು ಜಗಳ ಆಡಲಿಲ್ಲ. ಬೇಕಾದದ್ದನ್ನು ಹುಡುಕಿಕೊಂಡು ನೋಡಿ ಮನೆಗೆ ಹೋಗುತ್ತಿದ್ದರು. ನಾನು ಮಾತ್ರ ಒಂದು ತಪ್ಪು ಮಾಡಿದೆ. ಕಾಲೇಜು ಎಂಬುದನ್ನೂ ಆ ಹಾಡಿನ ಪುಸ್ತಕಗಳಿಂದಲೇ ಕಲಿತೆ.

ನನ್ನ ಮಗಳು ನಿರ್ಮಲಾ ಹತ್ತನೇ ತರಗತಿ ಪಾಸಾದ ದಿನ ಪೇಡೆ ಕೊಡಲು ಬಂದಾಗ ನೀನು ಕೇಳಿದ್ದೆ, "ಮುಂದ?" ಎಂದು. "ಮುಂದೇನು, ಮನಿ" ಅಂದೆ. ಮಸ್ಕಿಯಿಂದ ಸಿಂಧನೂರಿಗೆ ದಿನಾ ಬಸ್ಸಿನಲ್ಲಿ ಹೋಗಿ ಕಾಲೇಜು ಓದುತ್ತೇನೆ ಎಂಬುದು ಅವಳ ಹಟ. ಕಾಲೇಜೆಂದರೆ ನನಗೆ ಗೊತ್ತಿಲ್ಲವೇ? ಹದಿನೈದು ವರ್ಷ ಅದನ್ನೇ ಕೂಗಿದ್ದೇನೆ. ಗೇಟಿನ ಬಳಿ ಮೋಟಾರ್ ಸೈಕಲ್, ಪುಸ್ತಕದ ನಡುವೆ ಗುಲಾಬಿ, ಎರಡನೇ ರೀಲಿಗೆ ಮರ ಸುತ್ತುವ ಹಾಡು, ಇಂಟರ್ವೆಲ್ಲಿಗೆ ಎದೆ ಹಿಡಿದುಕೊಳ್ಳುವ ಅಪ್ಪ. ಪಾಠ ನಡೆಯುವ ಕಾಲೇಜನ್ನು ನಾನು ಯಾವ ಪೋಸ್ಟರಿನಲ್ಲೂ ಅಂಟಿಸಿರಲಿಲ್ಲ. ಹೈಸ್ಕೂಲಿಗೆ ಹೋಗುವಾಗಲೇ ನಾನು ಅವಳ ಹಿಂದೆ ಇಪ್ಪತ್ತು ಹೆಜ್ಜೆ ದೂರದಲ್ಲಿ ನಡೆಯುತ್ತಿದ್ದವನು. ಅವಳ ನೋಟ್‌ಬುಕ್ಕಿನ ಒಂದೇ ಹಾಳೆಯಲ್ಲಿ ಎರಡು ಬಣ್ಣದ ಮಸಿ ಕಂಡರೆ ಎರಡನೆಯ ಪೆನ್ನು ಯಾರದೆಂದು ಹುಡುಕಲು ಶಾಲೆಯ ತನಕ ಹೋದವನು. ಹೆಡ್‌ಮಾಸ್ತರರು ತಮ್ಮ ಜೇಬಿನಿಂದ ಆ ಪೆನ್ನು ತೆಗೆದು ತೋರಿಸಿದರು. "ತಪ್ಪು ತಿದ್ದಿದ್ದು ನಾನ ರೀ ದುರಗಪ್ಪ" ಅಂದರು. ಅವರ ಮೇಲೂ ನನಗೆ ಒಂದು ವಾರ ಗುಮಾನಿ ಇತ್ತು.

ಅಪ್ಪ ಮಗಳ ಆ ಸಿನಿಮಾ ಬಂದದ್ದು ಕಾಲೇಜಿಗೆ ಅರ್ಜಿ ಹಾಕಲು ಇನ್ನು ಎಂಟೇ ದಿನ ಉಳಿದಿದ್ದಾಗ. ಅದೂ ನನಗೆ ಅನುಮಾನವೇ. ವರ್ಷದಲ್ಲಿ ಐವತ್ತೆರಡು ವಾರ ಇರುವಾಗ ಅದೇ ವಾರ ಯಾಕೆ? ಆ ಗುರುವಾರ ನನಗೆ ಜ್ವರ ಬಂದು ಸಿಂಧನೂರಿಗೆ ಬರಲಾಗದ್ದರಿಂದ ನೀನು ಪೋಸ್ಟರಿನ ಕಟ್ಟನ್ನು ಬಸ್ಸಿನಲ್ಲಿ ಕಳಿಸಿದ್ದೆ. ಹಾಡಿನ ಪುಸ್ತಕ ಬಿಡಿಸಿದೆ. ಮಗಳನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುವ ತಂದೆ, ಮಗಳು ಕಾಲೇಜು ಸೇರುತ್ತಾಳೆ, ಅಲ್ಲೊಬ್ಬ ಯುವಕ, ತಂದೆಗೆ ಸಂಶಯ. "ತಂದೆಯ ಸಂಶಯ ನಿಜವಾಯಿತೇ?" ಅಲ್ಲಿಗೆ ಹಾಳೆ ಮುಗಿಯಿತು. ಮುಂದಿನ ಹಾಳೆ ಇರಲಿಲ್ಲ. ನಿಜವಾಗದೆ ಏನು? ನಾನು ಆ ತಂದೆಯನ್ನು ಅಣ್ಣ ಎಂದು ಒಪ್ಪಿಕೊಂಡೆ. ಜ್ವರವನ್ನೂ ಮರೆತು ಆಟೋ ಹತ್ತಿ ಗಂಟಲು ಬಿಚ್ಚಿ ಕೂಗಿದೆ: "ತಂದೆ ತಾಯಂದಿರೇ! ಮಗಳನ್ನು ಕಾಲೇಜಿಗೆ ಕಳಿಸುವ ಮುನ್ನ ಒಮ್ಮೆ ಯೋಚಿಸಿ! ನೋಡಲು ಮರೆಯದಿರಿ, ನೋಡಿ ಮರುಗದಿರಿ! ಮಗಳನ್ನೂ ಕರೆತನ್ನಿ, ಮುಂದಿನ ಸಾಲಿನಲ್ಲಿ ಕೂಡಿಸಿ!" ಲಿಂಗಸುಗೂರಿನ ಬಜಾರು, ಮಸ್ಕಿಯ ಗುಡ್ಡದ ಬುಡ, ಒಂದು ಓಣಿಯನ್ನೂ ಬಿಡಲಿಲ್ಲ. ಜನ ಟ್ರ್ಯಾಕ್ಟರ್ ಮಾಡಿಕೊಂಡು ಹೊರಟರು. ನಾನೂ ಹೆಂಡತಿ ಹುಲಿಗೆವ್ವ, ಮಗಳನ್ನು ಕರೆದುಕೊಂಡು ಭಾನುವಾರ ಮಧ್ಯಾಹ್ನದ ಆಟಕ್ಕೆ ಬಂದೆ. ಮಾತಿನಲ್ಲಿ ಹೇಳಿದ್ದು ಅವಳಿಗೆ ಹತ್ತದಿದ್ದರೆ ಪರದೆಯ ಮೇಲಾದರೂ ನೋಡಲಿ ಎಂದು.

ಆ ಮಧ್ಯಾಹ್ನ ನೀನು ಮೇಲಿನ ಕಿಂಡಿಯಿಂದ ನನ್ನನ್ನು ನೋಡುತ್ತಿದ್ದೆಯಾ? ಪರದೆಯ ಮೇಲೆ ಆ ಅಪ್ಪ ಮಗಳ ಹಿಂದೆ ಇಪ್ಪತ್ತು ಹೆಜ್ಜೆ ದೂರದಲ್ಲಿ ಛತ್ರಿಯ ಮರೆಯಲ್ಲಿ ನಡೆದ. ಟಾಕೀಸು ಗೊಳ್ಳೆಂದಿತು. ಇದರಲ್ಲಿ ನಗುವುದೇನಿದೆ ಎಂದು ನಾನು ಅತ್ತಿತ್ತ ನೋಡಿದೆ. ಮುಂದೆ ಅಂವ ಸುಳ್ಳು ಮೀಸೆ ಅಂಟಿಸಿಕೊಂಡು ಕಾಲೇಜಿನ ಗೇಟಿನಲ್ಲಿ ಐಸ್ ಕ್ಯಾಂಡಿ ಮಾರಲು ನಿಂತ. ಮಗಳೇ ಬಂದು, "ಎರಡು ಕೊಡಿ, ಒಂದು ನಮ್ಮ ಅಪ್ಪನಿಗೆ, ಬಿಸಿಲಲ್ಲಿ ಎಲ್ಲೋ ನಿಂತಿರ್ತಾರೆ" ಅಂದಳು. ಅಂಟು ಕರಗಿ ಮೀಸೆ ಕೈಗೆ ಬಂತು. ಜನ ಬಿದ್ದು ಬಿದ್ದು ನಕ್ಕರು. ಬೆಂಚಿನ ಕಡೆಯಿಂದ ಯಾರೋ ಕೂಗಿದ: "ಏ ಮೈಕ್ ದುರಗಪ್ಪಾ, ಅಂವಾ ನಿಮ್ಮ ಪೈಕಿ ಏನೋ?" ಇನ್ನೊಬ್ಬ: "ಪೈಕಿ ಅಲ್ಲಲೇ, ಅಂವನ ಇಂವಾ. ಮೀಸಿ ನೋಡು!" ಹೆಂಗಸರ ಸಾಲಿನಿಂದ ಬಂದ ಒಂದು ನಗು ನನಗೆ ಕತ್ತಲಲ್ಲೂ ಗುರುತು ಹತ್ತಿತು. ಹದಿನೆಂಟು ವರ್ಷ ಸಂಸಾರ ಮಾಡಿದ್ದೇನೆ, ಹುಲಿಗೆವ್ವನ ನಗು ನನಗೆ ತಿಳಿಯದೇ? ಕೊನೆಗೆ ಆ ಯುವಕ ಬೇರೇನೂ ಅಲ್ಲ, ಹುಡುಗಿಗೆ ಸೈಕಲ್ಲು ಕಲಿಸುತ್ತಿದ್ದವನು ಎಂದಾಗಿ, ಅಪ್ಪ ಮಗಳ ಟ್ರಂಕು ಹೊತ್ತು ಹಾಸ್ಟೆಲ್ಲಿಗೆ ಬಿಟ್ಟು ಬಂದಲ್ಲಿಗೆ ಶುಭಂ. ನಾನು ಅಳುವ ಚಿತ್ರವೆಂದು ಕೂಗಿದ್ದು ನಕ್ಕು ಹೊಟ್ಟೆ ಹುಣ್ಣಾಗುವ ಚಿತ್ರವನ್ನು!

ಆಟ ಬಿಟ್ಟಾಗ ನೀನು ಗೇಟಿನಲ್ಲಿ ನಿಂತಿದ್ದೆ. "ಹೆಂಗಿತ್ತಲೇ?" ಎಂದು ಕೇಳಿದೆ. "ಕೊನೀ ಹಾಳಿ ಎಲ್ಲಿ?" ಅಂದೆ ನಾನು. "ಯಾವ ಹಾಳಿ?" ಎಂದು ಬೀಡಿ ತುಟಿಯಿಂದ ತೆಗೆಯದೆ ಕೇಳಿದೆ. "ಪುಸ್ತಕದ್ದು. ಹರದದ." "ಕಂಡಕ್ಟರ್ ಅಡಿಕಿ ಕಟ್ಟಿಕೊಂಡಿರಬೇಕು ಬಿಡು." ಎಷ್ಟು ಬೇಗ ಬಂತು ಉತ್ತರ! ಕಟ್ಟು ಬಿಚ್ಚದೆ ಕಂಡಕ್ಟರ್ ಹೇಗೆ ಹರಿದ? ಅಡಿಕೆ ಕಟ್ಟುವವನು ಮೇಲಿನ ಹಾಳೆ ಬಿಟ್ಟು ಕೊನೆಯದನ್ನೇ ಯಾಕೆ ತೆಗೆದ? ಪಿನ್ನಿನ ಹತ್ತಿರ ಉಳಿದ ಚೂರನ್ನು ನಾನು ಇವತ್ತಿಗೂ ಇಟ್ಟುಕೊಂಡಿದ್ದೇನೆ ಈರಣ್ಣ. ಅದು ಅವಸರದಲ್ಲಿ ಹರಿದದ್ದಲ್ಲ. ಮಡಚಿ, ಉಗುರಿನಿಂದ ತೀಡಿ, ನಿಧಾನಕ್ಕೆ ತೆಗೆದದ್ದು. ರೀಲು ಅಂಟಿಸುವವನ ಕೈ.

ಅದಾದ ಮೂರನೇ ದಿನ ಹುಲಿಗೆವ್ವ ರೊಟ್ಟಿ ಬಡಿಯುತ್ತ ಮಾತು ತೆಗೆದಳು. ಓಣಿಯಲ್ಲಿ ಆಗಲೇ ನನ್ನನ್ನು ಸಿನಿಮಾದಪ್ಪ ಎನ್ನತೊಡಗಿದ್ದರು. "ಊರಿಗೆಲ್ಲಾ ಮೈಕಿನ್ಯಾಗ ಹೇಳಿ ಕರಕೊಂಡು ಹೋದ್ರಿ. ಈಗ ಕಾಲೇಜಿಗೆ ಕಳಸಲಿಲ್ಲಂದ್ರ ಅದ ಸಿನಿಮಾ ನಮ್ಮ ಮನಿಯಾಗ ದಿನಾ ನಾಕು ಆಟ ನಡೀತದ, ನೋಡ್ರಿ." ನಾನು ಉರಿದುಬಿದ್ದೆ. "ನೀ ನಕ್ಕಿದ್ದು ಕೇಳೀನಿ ನಾನು." "ನಾ ನಕ್ಕೀನಿ, ಖರೆ. ಆಕಿ ನಗಲಿಲ್ಲ. ಎಲ್ಲಾರೂ ನಗೋ ಮುಂದ ಆಕಿ ನಿಮ್ಮ ಕಡೆ ಹೊಳ್ಳಿ ಹೊಳ್ಳಿ ನೋಡಾಕತ್ತಿದ್ಲು." ಅರ್ಜಿಗೆ ಸಹಿ ಹಾಕಿದೆ.

ಸಹಿ ಹಾಕಿದ ವಾರವೇ ನಿನ್ನ ಹತ್ತಿರ ಬಂದೆ. ನಾನೇ ಹಿಂದೆ ಹೋಗುವಂತಿರಲಿಲ್ಲ. ಛತ್ರಿ ಹಿಡಿದರೂ ಜನ ನಗುವ ಕಾಲ. "ಕಾಲೇಜಿನ ದಾರಿ ನಿಮ್ಮ ಟಾಕೀಸಿನ ಮುಂದ ಹಾದು ಹೋಗ್ತದ. ನಿನ್ನ ಕ್ಯಾಬಿನ್ನಿನಿಂದ ಬಸ್ ಸ್ಟ್ಯಾಂಡ್ ಕಾಣ್ತದಲ್ಲ?" ಅಂದೆ. ನೀನು ಬೀಡಿ ಹಚ್ಚಿದೆ. ಕಡ್ಡಿ ಆರಿತು, ಇನ್ನೊಂದು ಗೀರಿದೆ. "ಕಾಣ್ತದ" ಅಂದೆ. "ಪೂರಾ ಕಾಣ್ತದೇನು?" "ಎಲ್ಲಾ ಕಾಣ್ತದ ಬಿಡು." ಆ ಎರಡು ಕಡ್ಡಿಗಳ ನಡುವೆ ನೀನು ಏನು ಯೋಚಿಸಿದೆ? ಈಗ ಕೇಳಿದರೆ ಏನು ಬಂತು. ಅವತ್ತಿನಿಂದ ಪ್ರತಿ ಗುರುವಾರ ಪೋಸ್ಟರಿನ ಜೊತೆಗೆ ವರದಿಯೂ ಬಂತು. ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ನಿನ್ನ ವರದಿಗಳು ಎಷ್ಟು ಚೊಕ್ಕ ಇರುತ್ತಿದ್ದವು! "ಸೋಮವಾರ ಬಸ್ಸು ಅರ್ಧ ತಾಸು ತಡಾ. ಛತ್ರಿ ಬಸ್ಸಿನ್ಯಾಗ ಮರತಾಳ." ಡ್ರೈವರನನ್ನು ಕೇಳಿದೆ, ಛತ್ರಿ ಅವನ ಸೀಟಿನ ಹಿಂದೆಯೇ ಇತ್ತು. "ಚಪ್ಪಲಿ ಉಂಗುಟ ಕಿತ್ತದ, ಹೊಲಿಸಿಕೊಂಡು ಹೋಗ್ಯಾಳ." ಮನೆಗೆ ಬಂದು ನೋಡಿದರೆ ಉಂಗುಟಕ್ಕೆ ಹೊಸ ಹೊಲಿಗೆ. "ಗಣಿತದ ಮಾಸ್ತರು ರಜಾ ಅದಾರ, ಅದಕ್ಕ ಜಲ್ದಿ ಬಸ್ಸು ಹಿಡದಾಳ." ಕ್ಯಾಬಿನ್ನಿನ ಕಿಟಕಿಯಿಂದ ಗಣಿತದ ಮಾಸ್ತರರ ರಜಾ ಹೇಗೆ ಕಂಡಿತು ಎಂದು ನನಗೆ ಆಗ ಹೊಳೆಯಲೇ ಇಲ್ಲ, ನೋಡು. ಎರಡನೇ ವರ್ಷ ಒಮ್ಮೆ ನೀನು ಹೇಳಿದೆ: "ಒಂದು ನಾಯಿ ಬೆನ್ನು ಹತ್ತಿತ್ತು. ಹೊಳ್ಳಿ ನಿಂತು ಛತ್ರಿ ಎತ್ತಿದ್ಲು. ಹೋತು, ಮತ್ತ ಬಂದಿಲ್ಲ." ನಾನು ಪುರಸಭೆಗೆ ಬೀದಿನಾಯಿಗಳ ಬಗ್ಗೆ ಅರ್ಜಿ ಬರೆದೆ. ಮೂರು ಸಲ.

ಗುಮಾನಿ ಬಂದದ್ದು ಮೂರನೇ ವರ್ಷದ ಆ ಜ್ವರದ ವಾರ. ಮಂಗಳವಾರದಿಂದ ನಿರ್ಮಲಾ ನಮ್ಮ ಪಡಸಾಲೆಯ ಹೊರಸಿನ ಮೇಲೆ ಕಂಬಳಿ ಹೊದ್ದು ಮಲಗಿದ್ದಳು. ಗಂಜಿ ಕುಡಿಸಿದವನು ನಾನೇ. ಗುರುವಾರ ಸಿಂಧನೂರಿಗೆ ಬಂದರೆ ನೀನು, "ದಿನಾ ಬಂದಾಳ, ದಿನಾ ಹೋಗ್ಯಾಳ, ಎಲ್ಲಾ ಬರೋಬ್ಬರಿ" ಅಂದೆ. ನಾನು ಚಹಾ ಕುಡಿದೆ. ಜ್ವರದ ಮಾತು ಎತ್ತಲಿಲ್ಲ. ಯಾಕೆ ಗೊತ್ತೇ? ಸುಳ್ಳು ಎಂದರೆ ನೀನು ಕಾವಲು ಬಿಡುತ್ತೀ. ಬಿಟ್ಟರೆ ನನಗೆ ಇನ್ಯಾರು? ಆದರೆ ಒಂದು ಸುಳ್ಳು ಸಿಕ್ಕ ಮೇಲೆ ಉಳಿದವೂ ಸುಳ್ಳಲ್ಲ ಎನ್ನಲು ಏನು ಆಧಾರ? ಇದು ಸಾಲದೆಂಬಂತೆ ನಮ್ಮೂರ ಟೇಲರ್ ಮಾನಪ್ಪ ಒಂದು ದಿನ ಅಳತೆಪಟ್ಟಿ ಕೊರಳಿಗೆ ಹಾಕಿಕೊಂಡು ನನ್ನ ಅಂಗಡಿಗೇ ಬಂದ. "ದುರಗಪ್ಪಣ್ಣ, ಹೇಳಬಾರದು, ಆದ್ರೂ ಹೇಳ್ತೀನಿ. ನಿಮ್ಮ ಹುಡುಗಿ ಮುಂಜಾನಿ ಹೊತ್ತಿನ್ಯಾಗ ಟಾಕೀಸ್ ಗೇಟಿನ ಹಂತ್ಯಾಕ ನಿಂತು ಯಾರ ಜೋಡಿನೋ ಮಾತಾಡಾಕತ್ತಿದ್ಲು." ನಿನ್ನನ್ನು ಕೇಳಿದೆ. "ಟೈಮ್ ಕೇಳಾಕ ನಿಂತಿದ್ಲು" ಅಂದೆ. ಅವಳ ಕೈಯಲ್ಲಿ ಗಡಿಯಾರ ಇತ್ತು ಈರಣ್ಣ! ಬಸ್ಸು ತಪ್ಪಬಾರದೆಂದು ನಾನೇ ಕೊಡಿಸಿದ್ದು. ಅದನ್ನು ಕಟ್ಟಿದ ದಿನ ನಿನಗೇ ಮೊದಲು ತೋರಿಸಿದ್ದಳು. ಆ ರಾತ್ರಿಯಿಂದ ನನಗೆ ನಿನ್ನ ಮೇಲೂ, ಅವಳ ಮೇಲೂ, ನೀವಿಬ್ಬರೂ ಸೇರಿ ಮುಚ್ಚುತ್ತಿರುವ ಇನ್ಯಾರೋ ಒಬ್ಬನ ಮೇಲೂ... ಹೆಸರು ಗೊತ್ತಿಲ್ಲದವನ ಮೇಲೆ ಅನುಮಾನ ಪಡುವ ಕಷ್ಟ ನಿನಗೆ ಹೇಳಿದರೆ ತಿಳಿಯದು. ಮಸ್ಕಿ ಸಿಂಧನೂರು ನಡುವಿನ ಅರ್ಧ ಗಂಡಸರು ನನ್ನ ನೋಟ್‌ಬುಕ್ಕಿನಲ್ಲಿ ಬಂದು ಹೋದರು. ಯಾರೂ ನಿಲ್ಲಲಿಲ್ಲ.

ನೀನು ಎದೆ ನೋವೆಂದು ಹೋಗಿಬಿಟ್ಟದ್ದು ಅವಳ ಡಿಗ್ರಿ ಪರೀಕ್ಷೆಗಳು ಮುಗಿದ ತಿಂಗಳು. ಫಲಿತಾಂಶವನ್ನು ನೀನು ಕೇಳಲಿಲ್ಲ: ಪಾಸು, ಒಳ್ಳೆಯ ದರ್ಜೆಯಲ್ಲಿ. ಬೆನ್ನ ಹಿಂದೆಯೇ ಗುಲಬರ್ಗಾದಿಂದ ಕಾಗದ ಬಂತು, ಎಂ.ಎ.ಗೆ ಸೀಟು ಸಿಕ್ಕಿದೆ, ಹಾಸ್ಟೆಲ್ಲೂ ಇದೆ ಎಂದು. ಹುಲಿಗೆವ್ವ ಟ್ರಂಕಿಗೆ ಸಾಬೂನಿನ ನೀರು ಹಾಕಿ ತೊಳೆದಳು. ನಾನು ಹೂಂ ಅನ್ನುವವನೇ ಇದ್ದೆ. ಅಷ್ಟರಲ್ಲಿ ಪಾರವ್ವ ಬಂದಳು, ನಾನು ನಿನ್ನ ಮೆಟ್ಟಿಲು ಹತ್ತಿದೆ. ಕಿಟಕಿ ಇಲ್ಲ. ಐದು ವರ್ಷದ ವರದಿ ಒಂದು ಕುರುಡು ಗೋಡೆಯಿಂದ ಬಂದದ್ದು. ಮಸ್ಕಿಗೆ ಮರಳುವ ಬಸ್ಸಿನಲ್ಲಿ ನಿರ್ಧರಿಸಿಬಿಟ್ಟೆ: ಐದು ವರ್ಷ ಏನು ನಡೆಯಿತೆಂದು ತಿಳಿಯದೆ ಇವಳನ್ನು ನೂರು ಮೈಲಿ ಆಚೆ ಕಳಿಸುವುದಿಲ್ಲ. ಸೀಟು ಹೋದರೆ ಹೋಗಲಿ. ಸೇರಲು ಉಳಿದದ್ದು ನಾಲ್ಕು ದಿನ.

ಮನೆಗೆ ಬಂದಾಗ ಅವಳು ಅಂಗಳದಲ್ಲಿ ಕೂತು ಪುಸ್ತಕಗಳಿಗೆ ರಟ್ಟು ಹಾಕುತ್ತಿದ್ದಳು. ನಾನು ನಿನ್ನ ಚಷ್ಮಾ ಅವಳ ಮುಂದೆ ಇಟ್ಟೆ.

"ನಿಮ್ಮ ಈರಣ್ಣ ಕಾಕಾನ ಕ್ಯಾಬಿನ್ನಿಗೆ ಕಿಟಕಿ ಇಲ್ಲ."

"ಗೊತ್ತದ ಯಪ್ಪಾ" ಅಂದಳು, ತಲೆ ಎತ್ತದೆ.

"ಗೊತ್ತದ? ಮತ್ತ ಅಂವಾ ಹೆಂಗ ನೋಡ್ತಿದ್ದ?"

"ನೋಡ್ತಿದ್ದಿಲ್ಲ. ಕೇಳ್ತಿದ್ದ."

ಆಮೇಲೆ ಅವಳು ಹೇಳಿದ್ದನ್ನು ನಿನಗೆ ಹೇಳುವುದೆಂದರೆ ನಿನ್ನದೇ ಅಂಗಿಯನ್ನು ನಿನಗೆ ತೋರಿಸಿದಂತೆ. ಆದರೂ ಹೇಳುತ್ತೇನೆ, ನನಗೂ ಗೊತ್ತಾಯಿತು ಎಂದು ನಿನಗೆ ಗೊತ್ತಾಗಲಿ. ಮೊದಲ ಗುರುವಾರವೇ ನೀನು ಅವಳನ್ನು ಗೇಟಿನ ಹತ್ತಿರ ನಿಲ್ಲಿಸಿ, "ನೋಡವ್ವಾ, ನಿಮ್ಮಪ್ಪ ನನಗ ಹಿಂಗ ಕೆಲಸ ಹಚ್ಯಾನ. ಮುಂಜಾನಿ ರೀಲು ಸುತ್ತಬೇಕು, ಸಂಜಿಮುಂದ ಮಶೀನ್ ಬಿಟ್ಟು ಅಲ್ಲಾಡಾಕ ಬರಂಗಿಲ್ಲ. ಇಲ್ಲ ಅಂದ್ರ ಅಂವಾ ಇನ್ನೊಬ್ಬನ್ನ ಹಚ್ಚತಾನ, ಅಂವಾ ಎಂಥಾವನೋ ಏನೋ. ವಾರಕ್ಕೊಮ್ಮೆ ನೀನ ಬಂದು ಹೇಳಿ ಹೋಗು. ಖರೆ ಹೇಳು, ಅಷ್ಟ ಸಾಕು" ಅಂದೆಯಂತೆ. ಅವಳು ಪ್ರತಿ ಗುರುವಾರ ಮುಂಜಾನೆ ಬಂದು ಹೇಳಿದಳು. ಛತ್ರಿ, ಚಪ್ಪಲಿ, ಗಣಿತದ ಮಾಸ್ತರು, ಎಲ್ಲ. ಆ ಜ್ವರದ ವಾರ ಒಂದೇ ಅವಳು ಬಂದಿರಲಿಲ್ಲ. ನೀನು ನಿನ್ನ ಸ್ವಂತ ತಲೆಯಿಂದ ವರದಿ ಕೊಟ್ಟದ್ದು ಅದೊಂದೇ ಸಲ, ನಾನು ಹಿಡಿದುಕೊಂಡು ಕೂತದ್ದೂ ಅದೊಂದನ್ನೇ! ನೋಟ್‌ಬುಕ್ಕು ತೆಗೆದು ನೋಡಿದೆ. ಬೇರೆಲ್ಲ ವಾರ ಅರ್ಧ ಪುಟ ಇದ್ದರೆ ಆ ವಾರ ಬರೀ ಒಂದು ಸಾಲು. ಅದು ಆವತ್ತೇ ನನ್ನ ಕಣ್ಣಿಗೆ ಬೀಳಬೇಕಿತ್ತು.

"ಮತ್ತ ನಾಯಿ?" ಎಂದು ಕೇಳಿದೆ. ಯಾಕೆ ಕೇಳಿದೆನೋ. ಅವಳು ಮೊದಲ ಸಲ ತಲೆ ಎತ್ತಿದಳು. "ಯಾವ ನಾಯಿ?" ನಾನು ಆ ಪುಟ ಓದಿದೆ. ಅವಳು, "ನಾಯಿ ಅಲ್ಲ ಯಪ್ಪಾ. ಒಬ್ಬ ಹುಡುಗ ನನ್ನ ಪುಸ್ತಕದಾಗ ಚೀಟಿ ಇಟ್ಟಿದ್ದ. ಅದನ್ನ ಅವನ ಮುಂದ ಹರದು ಕೊಟ್ಟು ಬಂದೆ. ಕಾಕಾಗ ಹೇಳಿದೆ. ನಿಮ್ಮಪ್ಪಗ ಹೇಳ್ಲೇನು ಅಂತ ಕೇಳಿದ. ಹೇಳು ಅಂದೆ. ಹಿಂಗ ಹೇಳ್ಯಾನೇನು?" ಎಂದಳು. ಹೌದು, ಹಿಂಗೆ ಹೇಳಿದೆ ನೀನು. ನಾನು ಮೂರು ಅರ್ಜಿ ಬರೆದೆ. ಸಿಂಧನೂರಿನ ನಾಯಿಗಳು ನನ್ನನ್ನು ಕ್ಷಮಿಸಲಿ.

"ನನಗ ಯಾಕ ಹೇಳಲಿಲ್ಲ ನೀನು? ಇದ ಮನ್ಯಾಗ ಅದೀನಲ್ಲ ನಾನು?" ಎಂದು ಕೊನೆಗೆ ಕೇಳಿದೆ. ಧ್ವನಿ ಏರಿತ್ತು, ಮೈಕಿಲ್ಲದೆಯೂ ಓಣಿಗೆ ಕೇಳಿಸಿರಬೇಕು. ಅವಳು ರಟ್ಟು ಹಾಕಿದ ಪುಸ್ತಕವನ್ನು ಪಕ್ಕಕ್ಕಿಟ್ಟಳು. "ಹೇಳಿದ್ರ ನಂಬತಿದ್ದೇನು ನೀನು? ನನ್ನ ಬಾಯಿಂದ ಬಂದದ್ದಕ್ಕ ಹತ್ತು ಪ್ರಶ್ನಿ ಕೇಳ್ತಿದ್ದಿ. ಅದ ಮಾತು ಕಾಕಾನ ಬಾಯಿಂದ ಬಂದ್ರ ಬರಕೋತಿದ್ದಿ." ಅವಳಿಗೆ ಸಿಟ್ಟೂ ಇರಲಿಲ್ಲ, ಈರಣ್ಣ. ಬಸ್ಸಿನ ಟೈಮು ಹೇಳಿದಂತೆ ಹೇಳಿದಳು. ಸಿಟ್ಟು ಮಾಡಿದ್ದರೆ ನನಗೂ ಒಂದು ದಾರಿ ಇರುತ್ತಿತ್ತು.

ಒಳಗೆ ಹೋಗಿ ಹುಲಿಗೆವ್ವನ ಮುಂದೆ ನಿಂತು, "ಆ ಸಿನಿಮಾ ಪುಸ್ತಕದ ಕೊನೀ ಹಾಳಿ ನೀ ಹೇಳಿ ಹರಿಸಿದ್ದೇನು?" ಎಂದು ಕೇಳಿದೆ. ಎಲ್ಲ ತೆರೆದ ದಿನ ಅದೂ ತೆರೆಯಲಿ ಎಂದು. ಅವಳು ಹಂಚಿನ ಮೇಲಿನ ರೊಟ್ಟಿ ಮಗುಚಿ, "ಯಾವ ಹಾಳಿ?" ಅಂದಳು. ಥೇಟ್ ನಿನ್ನ ಹಾಗೆಯೇ, ಅದೇ ರಾಗ. ಇಬ್ಬರೂ ಕೂಡಿ ಮಾಡಿದಿರೋ, ಒಬ್ಬರಿಗೆ ಗೊತ್ತಿದ್ದು ಇನ್ನೊಬ್ಬರು ಸುಮ್ಮನಿದ್ದಿರೋ, ಇಲ್ಲ ನಿಜಕ್ಕೂ ಕಂಡಕ್ಟರನ ಅಡಿಕೆಯೋ... ಆ ಒಂದು ಅನುಮಾನವನ್ನು ನನಗಿರಲಿ ಎಂದು ಬಿಟ್ಟುಬಿಟ್ಟಿದ್ದೇನೆ. ಪೂರ್ತಿ ಖಾಲಿ ಕೈ ಆದರೆ ಈ ವಯಸ್ಸಿನಲ್ಲಿ ಬೇಸರ.

ಹೊರಡುವ ದಿನ ಲಿಂಗಸುಗೂರಿನ ತನಕ ಜೊತೆಗೆ ಹೋದೆ. ಗುಲಬರ್ಗಾ ಬಸ್ಸು ಅಲ್ಲಿಂದ. ಟ್ರಂಕು ಮೇಲೇರಿಸಿದೆ. ಅಷ್ಟು ಹೊತ್ತಿಗೆ ನನ್ನ ತಲೆಯಲ್ಲಿ ಆಗಲೇ ಲೆಕ್ಕ ನಡೆದಿತ್ತು: ಗುಲಬರ್ಗಾದಲ್ಲಿ ಮೈಕ್ ಸೆಟ್ಟಿನ ಒಬ್ಬ ಪರಿಚಯದವನಿದ್ದಾನೆ, ಹಾಸ್ಟೆಲ್ಲಿನ ಹತ್ತಿರ ಖಾನಾವಳಿಯೊಂದು ಇದ್ದೇ ಇರುತ್ತದೆ. "ಅಲ್ಲಿ ನಿನ್ನ ಬಗ್ಗೆ ಯಾರನ್ನ ಕೇಳಲಿ?" ಎಂದು ಬಾಯಿಂದ ಬಂದೇಬಿಟ್ಟಿತು. ಕಿಟಕಿಯ ಸರಳಿನ ಆಚೆಯಿಂದ ಅವಳು, "ನನ್ನನ್ನ ಕೇಳು" ಅಂದಳು. ಬಸ್ಸು ಹೊರಟಿತು. ಅದರ ನಂಬರನ್ನು ನಾನು ನೋಡಲಿಲ್ಲ. ಬೇಕಂತಲೇ ಬೇರೆ ಕಡೆ ಮುಖ ಮಾಡಿ ನಿಂತೆ. ಕಷ್ಟವಾಯಿತು.

ಇನ್ನು ನೀನು ಕೇಳಿರದ ಸುದ್ದಿ. ನಮ್ಮ ಅಂಗಡಿಯ ಪಕ್ಕದಲ್ಲಿ ಈಗ ಎಸ್.ಟಿ.ಡಿ. ಬೂತು ಆಗಿದೆ. ಗುರುವಾರ ಸಂಜೆ ಫೋನು ಮಾಡುತ್ತೇನೆ ಎಂದಿದ್ದಳು, ಮಾಡಿದಳು. ಗಾಜಿನ ಪೆಟ್ಟಿಗೆಯೊಳಗೆ ನಿಂತು, "ಹೇಳವ್ವಾ" ಅಂದೆ. ರೂಮು ಚೆನ್ನಾಗಿದೆ ಅಂದಳು, ಸಾರು ಸಪ್ಪೆ ಅಂದಳು. ಆಮೇಲೆ, "ನಿನ್ನಿ ಮಧ್ಯಾಹ್ನ ಒಂದು ಕ್ಲಾಸು ಬಿಟ್ಟು ಗೆಳತ್ಯಾರ ಜೋಡಿ ಸಿನಿಮಾಕ್ಕ ಹೋಗಿದ್ದೆ ಯಪ್ಪಾ" ಅಂದಳು. ಎದೆಯಲ್ಲಿ ಹತ್ತು ಪ್ರಶ್ನೆ ಒಮ್ಮೆಲೇ ಎದ್ದು ನಿಂತವು. ಯಾವ ಗೆಳತಿಯರು, ಯಾವ ಟಾಕೀಸು, ಬಿಟ್ಟದ್ದೆಷ್ಟು ಹೊತ್ತಿಗೆ, ಹಿಂದೆ ಕೂತವರು ಯಾರು. ಅವಳು ಆ ಕಡೆ ಕಾಯುತ್ತಿದ್ದಳು, ಉಸಿರು ಕೇಳುತ್ತಿತ್ತು. ಇದನ್ನು ಹೇಳದೆ ಇದ್ದರೂ ನನಗೆ ಯಾವ ಜನ್ಮಕ್ಕೂ ಗೊತ್ತಾಗುತ್ತಿರಲಿಲ್ಲ ಎಂಬುದು ಅವಳಿಗೂ ಗೊತ್ತು.

"ಉಂಡು ಹೋಗಿದ್ದೇನು?" ಎಂದು ಕೇಳಿದೆ.

"ಇಲ್ಲ ಯಪ್ಪಾ, ಬಂದ ಮ್ಯಾಲೆ ಉಂಡೆ" ಅಂದಳು.

ನಾನು ನಂಬಿದೆ, ಈರಣ್ಣ.

ನಿನ್ನ,
ದುರಗಪ್ಪ